ಎಂಬತ್ತು ಸಾಕು

ನೂರಿಪ್ಪತ್ತು ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳುವ ಹಾಗಿಲ್ಲ. ಎಂಬತ್ತು ಎಂದರೆ ಯಾರೂ ಏನೂ ಕೇಳುವುದಿಲ್ಲ, ಆದರೆ ಎಂಬತ್ತರಲ್ಲಿ ಹಿಡಿಸುತ್ತದೆಯೋ ಇಲ್ಲವೋ? ಹಿಡಿಸಬಹುದು. ಬೇರೆ ಏನನ್ನೂ ತುಂಬದಿದ್ದರೆ ಹಿಡಿಸಬಹುದು. ತುಂಬದೆ ಇರಲು ಇವರು ಬಿಟ್ಟರಲ್ಲವೆ?

ವಲೆರಿಯು ಗಾಜಿನ ಕಪಾಟಿನ ಮುಂದೆ ನಿಂತು ಆ ಮೂರು ಹಾರ್ಡ್ ಡಿಸ್ಕ್‌ಗಳನ್ನು ನೋಡುತ್ತಲೇ ಇದ್ದ. ಮೂರೂ ಒಂದೇ ಅಳತೆಯ ಕಬ್ಬಿಣದ ಡಬ್ಬಿಗಳು, ಮೂರಕ್ಕೂ ಒಂದೇ ಬೂದು ಬಣ್ಣ. ಮೇಲೆ ಅಂಟಿಸಿದ ಚೀಟಿಯ ಅಂಕಿ ಮಾತ್ರ ಬೇರೆ: ನಲವತ್ತು, ಎಂಬತ್ತು, ನೂರಿಪ್ಪತ್ತು. ಹಿಂದೆ ಈ ಅಂಗಡಿಯಲ್ಲಿ ಮೀನು ಮಾರುತ್ತಿದ್ದರು. ಗೋಡೆಯ ಬಿಳಿ ಟೈಲ್ಸ್ ಇನ್ನೂ ಹಾಗೇ ಇದ್ದವು. ಸೆಖೆಯ ದಿನಗಳಲ್ಲಿ ವಾಸನೆಯೂ ಸಣ್ಣಗೆ ಎದ್ದುಬರುತ್ತಿತ್ತು.

ಬಲಕ್ಕೆ ಹೆಂಡತಿ ತಿಂಕಾ. ಎಡಕ್ಕೆ ಅವರದೇ ಕಟ್ಟಡದ, ಅವರದೇ ಮೆಟ್ಟಿಲಿನ ನಾಲ್ಕನೇ ಮಹಡಿಯ ಸಾಂದು. ಎದುರಿಗೆ ಅಂಗಡಿಯ ಕೊಸ್ತಿನ್. ಒಬ್ಬ ಮನುಷ್ಯ ತನ್ನ ಮನೆಗೆ ಒಂದು ಕಂಪ್ಯೂಟರ್ ಕೊಳ್ಳಲು ಬಂದಿದ್ದ, ಅದಕ್ಕೊಂದು ಪಂಚಾಯಿತಿ ಸೇರಿತ್ತು.

"ನಲವತ್ತು ಜಿಬಿ ಧಾರಾಳವಾಯ್ತು ಕಣ್ರೀ," ಎಂದ ಕೊಸ್ತಿನ್. "ಮನೇಲಿರೋದು ಇಬ್ರು. ಒಂದಿಷ್ಟು ಫೋಟೊ, ಒಂದಿಷ್ಟು ಹಾಡು. ಅದನ್ನ ತುಂಬ್ಸೋದಕ್ಕೆ ನಿಮ್ಮ ಆಯಸ್ಸು ಸಾಲಲ್ಲ."

"ಅವನ ಮಾತು ಕೇಳ್ಬೇಡ," ಎಂದ ಸಾಂದು. "ನಲವತ್ತು ತಗೊಂಡೋರನ್ನೆಲ್ಲ ನೋಡಿದ್ದೀನಿ ನಾನು. ಎರಡು ತಿಂಗಳಿಗೆ ಬಂದು ನನ್ನ ಬಾಗಿಲಲ್ಲಿ ಅಳ್ತಾರೆ. ಎಂಬತ್ತು ತಗೋ. ಅರ್ಧ ನಿಂಗೆ, ಅರ್ಧ ನಮಗೆ."

"ನಮಗೆ ಅಂದ್ರೆ?"

"ಮೆಟ್ಟಿಲಿಗೆ ಕಣಯ್ಯ, ನಮ್ಮ ಮೆಟ್ಟಿಲು ಹತ್ತಿಳಿಯೋ ಮನೆಗಳಿಗೆಲ್ಲ. ಇಷ್ಟು ದಿನ ಎಲ್ಲಿದ್ದೆ ನೀನು?"

ವಲೆರಿಯು ಎಲ್ಲೂ ಹೋಗಿರಲಿಲ್ಲ. ಟ್ರಾಮ್ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಸಾಂದು ಕೆಲಸ ಹೋದ ಮೇಲೆ ಸುಮ್ಮನೆ ಕೂರದೆ, ಕಿಟಕಿಯಿಂದ ಕಿಟಕಿಗೆ, ಕಟ್ಟಡದಿಂದ ಕಟ್ಟಡಕ್ಕೆ ತಂತಿ ಎಳೆದು ಮನೆಗಳ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದ್ದನ್ನು ಅವನೂ ಕಂಡಿದ್ದ. ಒಬ್ಬರ ಡಿಸ್ಕ್‌ನಲ್ಲಿರುವ ಸಿನಿಮಾವನ್ನು ಇನ್ನೊಬ್ಬರು ಮನೆಯಲ್ಲೇ ಕೂತು ನೋಡಬಹುದು. ಒಂದೇ ಕಟ್ಟಳೆ: ತಂತಿ ಬೇಕೆಂದವನು ತನ್ನ ಡಿಸ್ಕ್‌ನ ಅರ್ಧವನ್ನು ಎಲ್ಲರಿಗೂ ತೆರೆದಿಡಬೇಕು. ಜಿಪುಣತನ ಮಾಡಿದವನ ತಂತಿಯನ್ನು ಸಾಂದು ಮಾತಿಲ್ಲದೆ ಕಿತ್ತುಬಿಡುತ್ತಿದ್ದ. ತಿಂಕಾಳಿಗೆ ಆ ತಂತಿ ಬೇಕಿತ್ತು. ಅವಳ ಅಕ್ಕ ಇಟಲಿಯಲ್ಲಿ ಮುದುಕಿಯೊಬ್ಬಳ ಆರೈಕೆಗೆ ಹೋಗಿದ್ದಳು. ಅದೇ ತಂತಿಯಲ್ಲಿ ಇಂಟರ್ನೆಟ್ಟೂ ಬರುತ್ತಿತ್ತು, ತಂತಿ ಇದ್ದರೆ ಅಕ್ಕನ ಜೊತೆ ದಿನವೂ ಮಾತು.

"ನೂರಿಪ್ಪತ್ತರದ್ದು ಹೇಗೆ?" ಎಂದು ವಲೆರಿಯು ಮೆಲ್ಲಗೆ ಕೇಳಿದ.

ಮೂವರೂ ನಕ್ಕರು.

"ಅದನ್ನ ನಾನು ನೋಡೋಕೆ ಇಟ್ಕೊಂಡಿರೋದು, ಮಾರೋಕಲ್ಲ," ಎಂದ ಕೊಸ್ತಿನ್.

"ಏನ್ ತುಂಬ್ತೀಯ ಅದಕ್ಕೆ?" ಎಂದಳು ತಿಂಕಾ. "ನಿನ್ನ ಲಾಂಚನ್ನ ತಂದು ನಿಲ್ಲಿಸ್ತೀಯಾ?"

"ಬಿಡು ತಿಂಕಾ, ಗಂಡಸರಿಗೆ ಐವತ್ತು ದಾಟಿದ ಮೇಲೆ ದೊಡ್ಡದೇ ಬೇಕು ಅನ್ಸುತ್ತೆ," ಎಂದು ಸಾಂದು ಅವನ ಬೆನ್ನಿಗೆ ಗುದ್ದಿದ. ಕೊಸ್ತಿನ್ ಮತ್ತೆ ನಕ್ಕ.

ತನ್ನ ಹಸಿವು ಎಷ್ಟು ಎಂದು ತನ್ನನ್ನೊಬ್ಬನನ್ನು ಬಿಟ್ಟು ಊರೆಲ್ಲ ಅಳೆಯುತ್ತಿದೆ ಎನ್ನಿಸಿ ವಲೆರಿಯುವಿನ ಕಿವಿ ಬಿಸಿಯಾಯಿತು. ಹೇಳಲು ಉತ್ತರವಿತ್ತು. ಆದರೆ ಆ ಉತ್ತರವನ್ನು ಬೇರೆ ಯಾರಿಗೆ ಹೇಳಿದರೂ ಎಡಗಡೆ ನಿಂತವನಿಗೆ ಹೇಳುವ ಹಾಗಿರಲಿಲ್ಲ.

ಅವನು ತಮ್ಮ ಊರು ಬ್ರಯಿಲಾದ ಕಡವಿನಲ್ಲಿ ಲಾರಿ, ಕಾರುಗಳನ್ನು ಹೊತ್ತು ಡ್ಯಾನ್ಯೂಬ್ ದಾಟಿಸುವ ಲಾಂಚಿನ ಮೆಕ್ಯಾನಿಕ್. ಆದರೆ ಹತ್ತು ವರ್ಷ ಕಾಲ ಶನಿವಾರ, ಭಾನುವಾರಗಳಲ್ಲಿ ಅವನ ಹೆಗಲ ಮೇಲೆ ಕ್ಯಾಮೆರಾ ಇರುತ್ತಿತ್ತು. ಆ ಬಡಾವಣೆಯ ಮದುವೆಗಳನ್ನೆಲ್ಲ ಅವನೇ ತೆಗೆದಿದ್ದ. ಕ್ಯಾಸೆಟ್ಟಿನ ಪ್ರತಿಯನ್ನು ಕೊಡುವಾಗ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: ಮೂಲವನ್ನು ಅಳಿಸಿಬಿಟ್ಟೆ, ಇದನ್ನು ಜೋಪಾನ ಮಾಡಿಕೊಳ್ಳಿ. ಹಾಗೆ ಹೇಳದಿದ್ದರೆ ಪ್ರತಿ ಕ್ರಿಸ್‌ಮಸ್‌ಗೂ ಬಂದು ಅತ್ತೆಗೊಂದು, ನಾದಿನಿಗೊಂದು ಎಂದು ಪ್ರಾಣ ತಿನ್ನುತ್ತಿದ್ದರು. ಅಳಿಸಲು ಮಾತ್ರ ಅವನಿಗೆ ಮನಸ್ಸು ಬಂದಿರಲಿಲ್ಲ. ಎಲ್ಲವೂ ನೆಲಮಾಳಿಗೆಯಲ್ಲಿ, ಉಪ್ಪಿನಕಾಯಿ ಜಾಡಿಗಳ ಹಿಂದೆ ಇದ್ದವು.

ಈ ವಸಂತದಲ್ಲಿ ಅಲ್ಲಿಗೆ ಇಳಿದವನು ಕ್ಯಾಸೆಟ್ಟುಗಳ ಪುಟ್ಟ ಕಿಟಕಿಗಳಲ್ಲಿ ಬಿಳಿ ಬೂಷ್ಟು ಕಂಡ. ಬೂಷ್ಟು ಹಿಡಿದ ಟೇಪು ಒಂದು ಸಲ ಓಡುತ್ತದೆ, ಎರಡನೇ ಸಲ ಓಡುವುದಿಲ್ಲ. ಒಂದೊಂದನ್ನೇ ಎತ್ತಿ ನೋಡುವಾಗ ಸಾಂದು ಮತ್ತು ಮಿರೆಲಾಳ ಮದುವೆ ಕೈಗೆ ಬಂತು.

ಸಾಂದುವಿನ ಬಳಿ ಇದ್ದ ಪ್ರತಿ ತೊಂಬತ್ತನಾಲ್ಕರ ಬೇಸಿಗೆಯಲ್ಲೇ ಹೋಗಿತ್ತು. ಆಗ ವಿಶ್ವಕಪ್ ಫುಟ್‌ಬಾಲ್ ನಡೆಯುತ್ತಿತ್ತು, ನಮ್ಮವರು ಗೆಲ್ಲುತ್ತಿದ್ದರು. ಪಂದ್ಯಗಳನ್ನು ಹಿಡಿದಿಡುವ ಉತ್ಸಾಹದಲ್ಲಿ ಯಂತ್ರದೊಳಗೆ ಯಾವ ಕ್ಯಾಸೆಟ್ ಇದೆ ಎಂದು ಯಾರೂ ನೋಡಲಿಲ್ಲ. ಆ ಬೇಸಿಗೆಯಲ್ಲಿ ಮೆಟ್ಟಿಲಿನ ಅರ್ಧ ಮದುವೆಗಳು ಫುಟ್‌ಬಾಲ್ ಆಗಿಹೋದವು. ಮಿರೆಲಾ ಅದನ್ನೇ ತಮಾಷೆ ಮಾಡಿಕೊಂಡು ಎಷ್ಟೋ ವರ್ಷ ಹೇಳುತ್ತಿದ್ದಳು: "ನಮ್ಮ ಮದುವೇಲಿ ಪಾದ್ರಿ ಉಂಗುರ ತೊಡಿಸ್ತಾನೆ, ಆಮೇಲೆ ಕಾರ್ನರ್ ಕಿಕ್." ಎರಡು ವರ್ಷದ ಹಿಂದೆ, ದ್ರಾಕ್ಷಿ ಹಿಂಡುವ ಕಾಲದಲ್ಲಿ ಅವಳು ತೀರಿಕೊಂಡಳು. ಆ ತಮಾಷೆಯನ್ನು ಆಮೇಲೆ ಯಾರೂ ಹೇಳಲಿಲ್ಲ.

ಎರಡನೇ ವರ್ಷದ ಸ್ಮರಣೆಯ ಹೊತ್ತಿಗೆ ಆ ಮದುವೆಯನ್ನು ಕಂಪ್ಯೂಟರಿಗೆ ಇಳಿಸಿ, ಕಲೆಗಳನ್ನು ತೆಗೆದು, ಒಂದು ಡಿವಿಡಿ ತಟ್ಟೆಗೆ ಹಾಕಿ ಸಾಂದುವಿನ ಕೈಗೆ ಕೊಡಬೇಕು. ವಲೆರಿಯು ಕಂಪ್ಯೂಟರ್ ಕೊಳ್ಳುತ್ತಿದ್ದದ್ದೇ ಅದಕ್ಕೆ. ಕುಗ್ಗಿಸಿ ಇಳಿಸಿದರೆ ನಲವತ್ತರಲ್ಲೇ ಮುಗಿಯುತ್ತಿತ್ತು, ಆದರೆ ಕುಗ್ಗಿಸಿದರೆ ಮುಖಗಳು ಚೌಕ ಚೌಕವಾಗುತ್ತವೆ. ಕುಗ್ಗಿಸದೆ ಇಳಿಸಲು ಒಂದು ಮದುವೆಗೇ ನಲವತ್ತರ ಹತ್ತಿರ ಬೇಕು, ಶುದ್ಧ ಮಾಡಲು ಮತ್ತೆ ಅಷ್ಟೇ ಖಾಲಿ ಜಾಗ ಬೇಕು. ಮೊದಲೇ ಸಾಂದುವಿಗೆ ಹೇಳಿ, ಆಮೇಲೆ ಟೇಪು ಹರಿದುಹೋದರೆ? ಇದೆ ಎಂದು ಹೇಳಿ ಇಲ್ಲ ಎನ್ನುವುದಕ್ಕಿಂತ ಸುಮ್ಮನಿರುವುದು ಮೇಲು. ತಿಂಕಾಳಿಗೆ ಹೇಳುವುದೂ ಒಂದೇ, ಕಿಟಕಿ ತೆರೆದು ಕೂಗುವುದೂ ಒಂದೇ.

"ಸರಿ. ಎಂಬತ್ತು ಸಾಕು," ಎಂದ.

ಹೇಳಿದ ಕ್ಷಣದಲ್ಲೇ ತನ್ನ ಮೇಲೆ ತನಗೇ ಅಸಹ್ಯವೆನಿಸಿತು. ನಲವತ್ತು ಹೇಳಿದವನಿಗೂ ಬೇಜಾರಾಗದ, ನಗುವವರಿಗೂ ವಿಷಯ ಸಿಗದ ಅಂಕಿ ಅದು. ಎಲ್ಲರಿಗೂ ಸರಿಹೋಗುವ ಆ ಅಂಕಿ ಅವನೊಬ್ಬನಿಗೆ ಸರಿಹೋಗುವುದಿಲ್ಲ ಎಂಬುದು ಅಂಗಡಿಯ ಬಾಗಿಲು ದಾಟುವ ಮೊದಲೇ ಅವನಿಗೆ ಗೊತ್ತಿತ್ತು.

ಕಂಪ್ಯೂಟರನ್ನು ಜೋಡಿಸಿಕೊಟ್ಟವನು ಸಾಂದುವೇ. ಅಡುಗೆಮನೆಯ ಮೇಜಿನ ಮೇಲೆ ಎಲ್ಲವನ್ನೂ ಹರವಿಕೊಂಡು, ತಿಂಕಾ ಬಡಿಸಿದ ಹುರುಳಿಕಾಳಿನ ಸೂಪನ್ನು ಒಂದು ಕೈಯಲ್ಲಿ ಕುಡಿಯುತ್ತ, ಇನ್ನೊಂದು ಕೈಯಲ್ಲಿ ಡಿಸ್ಕನ್ನು ಎರಡು ಪಾಲು ಮಾಡಿದ. ಒಂದು ಪಾಲಿಗೆ ವಲೆರಿಯು ಎಂದು ಹೆಸರಿಟ್ಟ, ಇನ್ನೊಂದಕ್ಕೆ ಮೆಟ್ಟಿಲು ಎಂದು.

"ನನ್ನ ಪಾಲನ್ನ ನಾನೊಬ್ಬನೇ ತಾನೇ ತೆಗಿಯೋದು?"

"ನೀನು, ಮತ್ತೆ ನಾನು. ಕೆಟ್ರೆ ರಿಪೇರಿಗೆ ಬರೋನು ಯಾರು? ಪಾದ್ರಿನಾ?"

"ನಾನು ಕರೆದಾಗ ಬಂದು ತೆಗೆದ್ರೆ ಸಾಕಲ್ಲ."

"ಅಯ್ಯೋ ಮಾರಾಯ, ಯಾರ್ ನೋಡ್ತಾರೆ ನಿನ್ನ ಲಾಂಚಿನ ಫೋಟೊನ," ಎಂದು ಸಾಂದು ಬಟ್ಟಲನ್ನು ತಿಂಕಾಳ ಕಡೆ ಚಾಚಿದ. "ತಿಂಕಾ, ಇನ್ನೊಂದು ಸೌಟು. ನಮ್ಮನೇಲಿ ಸೂಪು ಡಬ್ಬೀಲಿ ಬರುತ್ತೆ ಈಗ."

ತಿಂಕಾ ಬಟ್ಟಲು ತುಂಬಿಸಿ, ಸಾಂದುವಿಗೆ ಕಾಣದಂತೆ ಕಣ್ಣೊರೆಸಿಕೊಂಡಳು. ಅಂಥ ಹೊತ್ತಿನಲ್ಲಿ ತನ್ನ ಪಾಲಿಗೆ ಬೀಗ ಹಾಕುವ ಮಾತು ಎತ್ತುವುದು ಹೇಗೆ?

ವಾರ ಕಳೆಯುವುದರೊಳಗೆ ಮೆಟ್ಟಿಲಿನ ಪಾಲು ಗಂಟಲವರೆಗೂ ತುಂಬಿತು. ಹೊಡೆದಾಟದ ಸಿನಿಮಾಗಳು, ಅಳುವ ಸೀರಿಯಲ್ಲುಗಳು, ಒಂದೇ ಸಿನಿಮಾದ ಎರಡೆರಡು ಪ್ರತಿಗಳು. ಸಾಂದುವಿಗೆ ಯಾರದೇ ಡಿಸ್ಕ್‌ನಲ್ಲಿ ಖಾಲಿ ಜಾಗ ಕಂಡರೆ ಸಮಾಧಾನವಿರುತ್ತಿರಲಿಲ್ಲ. ಅವನು ಅವನ್ನೆಲ್ಲ ನೋಡುತ್ತಲೂ ಇರಲಿಲ್ಲ, ತುಂಬುತ್ತಿದ್ದ ಅಷ್ಟೆ. ವಲೆರಿಯು ಕೆಲಸಕ್ಕೆ ಹೊರಡುವಾಗ ಯಂತ್ರ ಆರಿಸಿದರೆ ನೆಲಮಹಡಿಯ ಲುಕ್ರೆತ್ಸಿಯಾ ಬಾಗಿಲಲ್ಲೇ ತಡೆಯುತ್ತಿದ್ದಳು. ಇಡೀ ಮೆಟ್ಟಿಲಿಗೆ ಹಿರಿಯಳು ಆಕೆ.

"ಏನಪ್ಪಾ, ನಿನ್ನೆ ನಿನ್ನ ಯಂತ್ರ ಆರಿಸಿ ಹೋದ್ಯಂತೆ? ಆ ಹುಡುಗಿಗೆ ತನ್ನ ತಾಯಿ ಯಾರು ಅಂತ ಗೊತ್ತಾಗೋ ಹೊತ್ತಿಗೆ ಸೀರಿಯಲ್ ನಿಂತ್ಹೋಯ್ತು."

"ನನ್ನ ಮನೆ ಕರೆಂಟಮ್ಮ ಅದು."

"ಅದಕ್ಕೇ ಹೇಳ್ತಿರೋದು, ನಿನ್ನ ಮನೇದು ಅಂತ. ಬೇರೆಯೋರಿಗಾದ್ರೆ ಹೇಳ್ತಿದ್ನಾ ನಾನು?"

ಒಂದು ಭಾನುವಾರ ಬೆಳಿಗ್ಗೆ, ತಿಂಕಾ ಚರ್ಚಿಗೆ ಹೋದ ಮೇಲೆ, ಅವನು ಹಳೆಯ ವಿಡಿಯೊ ಯಂತ್ರವನ್ನು ಕಂಪ್ಯೂಟರಿಗೆ ಸೇರಿಸಿ ಕ್ಯಾಸೆಟ್ ಹಾಕಿದ. ಬೂಷ್ಟನ್ನು ಹತ್ತಿಯಿಂದ ಒರೆಸಿ ಒರೆಸಿ ಬೆರಳ ತುದಿಗಳು ಬಿಳಿಯಾಗಿದ್ದವು. ಟೇಪು ಕಿರ್ರೆನ್ನುತ್ತ ಓಡಿತು. ಚರ್ಚು, ಮದುಮಕ್ಕಳ ತಲೆಗಿಟ್ಟ ಕಿರೀಟಗಳು, ಊಟದ ಸಾಲು, ಕುಣಿತ. ಆಮೇಲೆ ಮದುಮಗಳನ್ನು ಕದಿಯುವ ಶಾಸ್ತ್ರ. ಗಂಡಿನ ಗೆಳೆಯರು ಅವಳನ್ನು ಎಳೆದೊಯ್ದು ಕಾರಿಗೆ ಹತ್ತಿಸಿದರು. ವಲೆರಿಯು ಕ್ಯಾಮೆರಾ ಹೊತ್ತು ಮುಂದಿನ ಸೀಟಿಗೆ ಹಾರಿದ್ದ. ಬಿಡಿಸಿಕೊಳ್ಳುವ ಬೆಲೆಗೆ ಸಾಂದು ಛತ್ರದಲ್ಲಿ ಚೌಕಾಸಿ ಮಾಡುತ್ತಿದ್ದಾಗ, ಮಿರೆಲಾ ನದಿಯ ದಂಡೆಯಲ್ಲಿ ಕಾರಿನ ಬಾಗಿಲು ತೆರೆದು ಬರಿಗಾಲು ಹೊರಗೆ ಚಾಚಿ ಕೂತು, ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಕೋಸಿನೆಲೆಯ ಕಡುಬನ್ನು ತಿನ್ನುತ್ತಿದ್ದಳು.

"ವಲೆರಿಯು, ಆ ಡಬ್ಬ ಕೆಳಗಿಡು, ನೀನೂ ಒಂದು ತಿನ್ನು," ಎಂದಳು ಪರದೆಯೊಳಗಿಂದ. "ಬೆಳಗ್ಗಿಂದ ಒಂದು ತುತ್ತು ಇಳಿದಿಲ್ಲ. ನಮ್ಮೋನು ಬರೋದು ಇನ್ನೂ ಲೇಟು. ಅವನು ಚೌಕಾಸಿಗೆ ನಿಂತ್ರೆ ಮುಗೀತು, ನನ್ನನ್ನ ಅರ್ಧ ರೇಟಿಗೆ ತರ್ತಾನೆ."

ಸಾಂದು ಜೊತೆಗಿಲ್ಲದ ಹೊತ್ತು ಅದು. ಕ್ಯಾಸೆಟ್ ಬಿಟ್ಟರೆ ಆ ಹೊತ್ತು ಅವನಿಗೆ ಬೇರೆಲ್ಲೂ ಸಿಗುವಂಥದ್ದಲ್ಲ. ಕಲೆಗಳ ನಡುವೆಯೂ ಅವಳ ಮುಖ ತೊಳೆದ ಹಾಗಿತ್ತು. ಎರಡನೆಯ ಕ್ಯಾಸೆಟ್ಟಿನ ಕೊನೆಗೆ ಟೇಪು ಕಟ್ಟೆಂದು ಹರಿದು ಯಂತ್ರದ ಹೊಟ್ಟೆಯಲ್ಲಿ ಸುತ್ತಿಕೊಂಡಿತು. ಎಳೆದು ತೆಗೆದಾಗ ಕಂದು ಪುಡಿ ಉದುರಿತು. ಇನ್ನು ಉಳಿದದ್ದು ಡಿಸ್ಕ್‌ನಲ್ಲಿದ್ದದ್ದು ಮಾತ್ರ. ಯಾರ ಕಣ್ಣಿಗೂ ಬೀಳದಿರಲೆಂದು ಅವನು ಫೈಲುಗಳಿಗೆ ಹೆಸರಿಡಲಿಲ್ಲ, ಒಂದು, ಎರಡು ಎಂದು ಅಂಕಿ ಹಾಕಿದ. ಅವನ ಪಾಲು ಅಲ್ಲಿಗೆ ಹೆಚ್ಚುಕಡಿಮೆ ತುಂಬಿತು.

ಶುದ್ಧ ಮಾಡುವ ಕೆಲಸಕ್ಕೆ ಜಾಗವಿರಲಿಲ್ಲ. ಅವನು ನಾಲ್ಕನೇ ಮಹಡಿಗೆ ಹತ್ತಿ ಕೇಳಿದ.

"ಮೆಟ್ಟಿಲಿನ ಪಾಲಲ್ಲಿ ಸ್ವಲ್ಪ ಜಾಗ ಬಿಡಿಸ್ಕೊಡು. ಹದಿನೈದು ದಿನ ಸಾಕು."

"ಯಾಕೆ?"

"ಬೇಕು."

"ಬೇಕು ಅಂದ್ರೆ ಏನು, ಎಲ್ಲರಿಗೂ ಬೇಕು. ಲುಕ್ರೆತ್ಸಿಯಾ ಸೀರಿಯಲ್ ಮುಗೀಲಿ, ನೋಡೋಣ. ಆ ಹುಡುಗಿಗೆ ಇನ್ನೂ ತಾಯಿ ಸಿಕ್ಕಿಲ್ಲ."

ಆ ಹುಡುಗಿಗೆ ತಾಯಿ ಸಿಗಲೆಂದು ವಲೆರಿಯು ಕಾದ. ತನ್ನ ಮನೆಯ ಯಂತ್ರದಲ್ಲಿ ತನಗೆ ಜಾಗ ಸಿಗಲು ಯಾವುದೋ ದೇಶದ ಯಾವುದೋ ಹುಡುಗಿಯ ಹಣೆಬರಹ ನೆಟ್ಟಗಾಗಬೇಕು. ಲಾಂಚಿನ ಎಂಜಿನ್ನಿನ ಪಕ್ಕದಲ್ಲಿ ನಿಂತು ನಟ್ಟು ಬಿಗಿಯುವಾಗ ಅವನು ಇದನ್ನೇ ನೆನೆದು ಹಲ್ಲು ಕಡಿಯುತ್ತಿದ್ದ. ನೂರಿಪ್ಪತ್ತು ಎಂದು ಒಂದು ಸಲ ಗಟ್ಟಿಯಾಗಿ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು? ನಗುತ್ತಿದ್ದರು. ಅಷ್ಟೇ ತಾನೇ.

ಸ್ಮರಣೆಗೆ ಎರಡು ದಿನವಿತ್ತು. ಮಧ್ಯಾಹ್ನದ ಪಾಳಿ ಮುಗಿಸಿ ಬಂದವನು ಕೈ ತೊಳೆದು ಕಂಪ್ಯೂಟರಿನ ಮುಂದೆ ಕೂತ. ಶುದ್ಧವಾಗದಿದ್ದರೂ ಚಿಂತೆಯಿಲ್ಲ, ಡಿಸ್ಕನ್ನು ಬಿಚ್ಚಿ ಸಹೋದ್ಯೋಗಿಯ ಮನೆಗೆ ಒಯ್ದು ಹಾಗೇ ತಟ್ಟೆಗೆ ಇಳಿಸಿಬಿಡುವುದೆಂದು ಅವನು ದಾರಿಯಲ್ಲೇ ನಿಶ್ಚಯಿಸಿದ್ದ. ತನ್ನ ಪಾಲನ್ನು ತೆರೆದ. ಒಂದು, ಎರಡು ಇರಲಿಲ್ಲ. ಆ ಜಾಗದಲ್ಲಿ ಸಾಲಾಗಿ ಸಿನಿಮಾಗಳಿದ್ದವು, ಎಲ್ಲದಕ್ಕೂ ಸರಿಯಾದ ಹೆಸರುಗಳಿದ್ದವು.

ಅವನು ಮೆಟ್ಟಿಲು ಹತ್ತಿದ್ದು ಅವನಿಗೇ ತಿಳಿಯಲಿಲ್ಲ. ಸಾಂದುವಿನ ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ತೊಟ್ಟಿಯ ಮುಂದೆ ಸಾಂದು ತೋಳು ಮಡಚಿ ನಿಂತು, ಸ್ಮರಣೆಯ ದಿನ ಹಂಚುವ ಸಿಹಿಗೆ ಗೋಧಿ ತೊಳೆಯುತ್ತಿದ್ದ. ಪದ್ಧತಿಯ ಪ್ರಕಾರ ಅದನ್ನು ಒಂಬತ್ತು ನೀರಿನಲ್ಲಿ ತೊಳೆಯಬೇಕು. ಲುಕ್ರೆತ್ಸಿಯಾ ಕುರ್ಚಿಯಲ್ಲಿ ಕೂತು ನೀರು ಎಣಿಸುತ್ತಿದ್ದಳು.

"ನನ್ನ ಪಾಲಲ್ಲಿದ್ದ ಫೈಲುಗಳೆಲ್ಲಿ?"

"ಓ, ಬಂದ್ಯಾ," ಎಂದ ಸಾಂದು ತಿರುಗದೆ. "ನಿನ್ನ ಕಸ ಗುಡಿಸಿಕೊಟ್ಟೆ. ಹೆಸರಿಲ್ಲ, ಗೋತ್ರವಿಲ್ಲ, ಎರಡು ಫೈಲು. ನನ್ನ ಯಂತ್ರದಲ್ಲಿ ತೆರೆದು ನೋಡ್ದೆ, ಬರೀ ಹಸಿರು. ಕೆಟ್ಟು ಕೂತಿತ್ತು. ಕೆಟ್ಟಿದ್ದನ್ನ ಇಟ್ಕೊಂಡು ಅಷ್ಟು ಜಾಗ ತಿಂತಿದ್ದೀಯಲ್ಲ ಮಾರಾಯ."

"ಕೆಟ್ಟಿರ್ಲಿಲ್ಲ. ಅದನ್ನ ತೆರೆಯೋ ಪ್ರೋಗ್ರಾಮ್ ನಿನ್ನಲ್ಲಿಲ್ಲ ಅಷ್ಟೆ, ನನ್ನ ಯಂತ್ರದಲ್ಲಿ ತೆರೀತಿತ್ತು. ವಾಪಸ್ ತರ್ಸು."

"ಹೇಗೆ ತರ್ಸೋದು? ಅದರ ಮೇಲೆ ಬೇರೆ ಬರೆದಾಗಿದೆ. ಹೋಯ್ತು ಅಂದ್ರೆ ಹೋಯ್ತು."

ವಲೆರಿಯುವಿನ ಗಂಟಲಿನಿಂದ ಬಂದ ಧ್ವನಿ ಅವನದಾಗಿರಲಿಲ್ಲ. "ಯಾರ್ ಹೇಳಿದ್ರು ನಿಂಗೆ ಕೈ ಹಾಕೋಕೆ? ಯಾರನ್ನ ಕೇಳ್ದೆ? ಅರ್ಧ ಕೊಟ್ಟೆನಲ್ಲ. ಕೇಳಿದಷ್ಟೂ ಕೊಟ್ಟೆನಲ್ಲ. ನನ್ನ ಮನೆ ಕರೆಂಟು, ನನ್ನ ಮನೆ ಯಂತ್ರ, ನಾನು ಆರ್ಸೋದಕ್ಕೂ ಅಪ್ಪಣೆ ಕೇಳ್ಬೇಕು. ನಾನು ಯಾವತ್ತಾದ್ರೂ ನಿನ್ನ ಬೀರು ತೆಗೆದು, ಇದು ಹಳೇದು, ಇದು ಬೇಡ ಅಂತ ಎಸೆದಿದ್ದೀನಾ? ಬೀರು ತೆಗೆದು ಎಸೀಲಾ ಈಗ?"

ಬೀರುವಿನಲ್ಲಿ ಯಾರ ಬಟ್ಟೆಗಳಿವೆ ಎಂದು ಮೂವರಿಗೂ ಗೊತ್ತಿತ್ತು. ಕೆಳಗಿನ ಮಹಡಿಗಳಲ್ಲಿ ಬಾಗಿಲುಗಳು ತೆರೆದುಕೊಂಡ ಸದ್ದಾಯಿತು.

"ಬಾಯಿ ಮುಚ್ಚು ವಲೆರಿಯು," ಎಂದಳು ಲುಕ್ರೆತ್ಸಿಯಾ. "ಈ ಮನೇಲಿ ಗೋಧಿ ನೀರಲ್ಲಿದೆ. ನಾಚಿಕೆ ಆಗ್ಬೇಕು ನಿಂಗೆ."

ಸಾಂದು ಕೈಯಿಂದ ನೀರು ಇಳಿಯುತ್ತಿರುವಂತೆಯೇ ತಿರುಗಿ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಡೆತ ತಿಂದು ಯಾಕೆಂದು ತಿಳಿಯದವನ ಮುಖ ಅದು.

"ಅಂಥದ್ದೇನಿತ್ತಪ್ಪ ಅದರಲ್ಲಿ?" ಎಂದು ಕೇಳಿದ. "ಹೇಳು. ನಾನೇ ಹುಡುಕಿ ತರ್ತೀನಿ. ಆ ಕಡೆ ಕಟ್ಟಡದವರ ಹತ್ರ ಇರುತ್ತೆ, ಇಲ್ಲಾಂದ್ರೆ ಪಕ್ಕದ ಊರು ಗಲಾತ್ಸಿಯಿಂದ ತರ್ಸ್ತೀನಿ. ಯಾವ ಸಿನಿಮಾ?"

ಮಾತು ವಲೆರಿಯುವಿನ ನಾಲಿಗೆಯ ಮೇಲೇ ಇತ್ತು. ಒಂದೇ ಒಂದು ಹೆಸರು. ಆಡಿಬಿಟ್ಟರೆ ಈ ಮುದುಕಿಯ ಬಾಯಿ ಮುಚ್ಚುತ್ತಿತ್ತು, ಕೆಳಗೆ ಬಾಗಿಲಲ್ಲಿ ನಿಂತವರೆಲ್ಲ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ನ್ಯಾಯ ಪೂರ್ತಿ ಅವನ ಕಡೆಗಿತ್ತು. ಕೈಯಲ್ಲಿ ಕಲ್ಲು ಹಿಡಿದವನ ಹಾಗೆ ಅದರ ತೂಕ ಅವನಿಗೆ ತಿಳಿಯುತ್ತಿತ್ತು. ತೊಟ್ಟಿಯಲ್ಲಿ ಗೋಧಿ ಉಬ್ಬಿ ಬೆಳ್ಳಗೆ ಬಿದ್ದಿತ್ತು.

"ಹಳೇದು," ಎಂದ. "ಎಲ್ಲೂ ಸಿಗಲ್ಲ."

"ಹೆಸರು ಹೇಳು ಅಂದ್ರೆ."

"ಬೇಡ ಬಿಡು."

"ಇದು ಎಷ್ಟನೇ ನೀರು?" ಎಂದು ಸಾಂದು ತೊಟ್ಟಿಯ ಕಡೆ ತಿರುಗಿ ಲುಕ್ರೆತ್ಸಿಯಾಳನ್ನು ಕೇಳಿದ. ಅವಳಿಗೆ ಲೆಕ್ಕ ತಪ್ಪಿಹೋಗಿತ್ತು.

ವಲೆರಿಯು ಕೆಳಗಿಳಿದು ಬಂದು ಕಂಪ್ಯೂಟರಿನ ಹಿಂದಿದ್ದ ತಂತಿಯನ್ನು ಕಿತ್ತು ಕಿಟಕಿಯಿಂದ ಹೊರಗೆ ಬಿಟ್ಟ. ಅದು ಗೋಡೆಗೆ ತಾಗುತ್ತ ಜೋತಾಡಿತು. ಸಂಜೆಯ ಹೊತ್ತಿಗೆ ಇಡೀ ಮೆಟ್ಟಿಲಿಗೆ ತೀರ್ಪು ಸಿದ್ಧವಾಗಿತ್ತು. ಹಾಳು ಸಿನಿಮಾವೊಂದಕ್ಕಾಗಿ, ಹೆಂಡತಿಯ ಸ್ಮರಣೆಗೆ ಗೋಧಿ ತೊಳೆಯುತ್ತಿದ್ದವನ ಮೇಲೆ ಹರಿಹಾಯ್ದ ಮನುಷ್ಯ. ಅರ್ಧ ಡಿಸ್ಕ್ ಕೊಟ್ಟು, ಅದನ್ನು ಎತ್ತಿ ಆಡಿದ ಮನುಷ್ಯ.

ತಿಂಕಾ ಊಟಕ್ಕೆ ಬಡಿಸಿ, ತಾನು ನಿಂತೇ ಇದ್ದಳು.

"ನನ್ನ ಅಕ್ಕನ ಜೊತೆ ಮಾತು ನಿಂತ್ಹೋಯ್ತು, ಹೋಗ್ಲಿ. ಮೆಟ್ಟಿಲಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗೆ ನಾನು? ಅಷ್ಟು ಕೂಗುವಂಥದ್ದು ಏನಿತ್ತು ಅದರಲ್ಲಿ?"

"ಏನೋ ಇತ್ತು."

"ನಂಗೂ ಹೇಳಲ್ವಾ?"

ಅವನು ಬ್ರೆಡ್ಡನ್ನು ಮುರಿದು ತಟ್ಟೆಯ ಅಂಚಿನಲ್ಲಿಟ್ಟ. ಸಿಟ್ಟು ಇಳಿದಿರಲಿಲ್ಲ. ಸಾಂದುವಿನ ಮೇಲೆ ಇತ್ತು, ಎಣಿಸುತ್ತ ಕೂತಿದ್ದ ಮುದುಕಿಯ ಮೇಲೆ ಇತ್ತು, ಮೀನಂಗಡಿಯಲ್ಲಿ ನಕ್ಕ ಮೂವರ ಮೇಲೂ ಇತ್ತು. ಎಂಬತ್ತು ಸಾಕು ಎಂದ ಬಾಯಿಯ ಮೇಲಂತೂ ಎಲ್ಲಕ್ಕಿಂತ ಹೆಚ್ಚಾಗಿತ್ತು. ತಾನು ಬಾಯಿ ಬಿಡದಿರುವುದು ಸಾಂದುವನ್ನು ಉಳಿಸುವುದಕ್ಕೋ ಶಿಕ್ಷಿಸುವುದಕ್ಕೋ ಎಂದು ಕೇಳಿಕೊಂಡ. ತಿಳಿಯಲಿಲ್ಲ.

ಶನಿವಾರ ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಪಾದ್ರಿಯ ಹಾಡಿನ ನಡುವೆ ಮೇಣದಬತ್ತಿಗಳು ಆರುತ್ತಲೇ ಇದ್ದವು, ಹೆಂಗಸರು ಒಬ್ಬರಿಂದೊಬ್ಬರು ಹಚ್ಚಿಕೊಳ್ಳುತ್ತಲೇ ಇದ್ದರು. ವಲೆರಿಯು ಹಿಂದೆ, ಬೇಲಿಯ ಪಕ್ಕದಲ್ಲಿ ಒಬ್ಬನೇ ನಿಂತ. ಅವನ ಅಕ್ಕಪಕ್ಕ ಯಾರೂ ಬಂದು ನಿಲ್ಲಲಿಲ್ಲ. ಕಲ್ಲಿಗೆ ಅಂಟಿಸಿದ ಅಂಡಾಕಾರದ ಫೋಟೊದಲ್ಲಿ ಮಿರೆಲಾ ಗುರುತಿನ ಚೀಟಿಗೆ ಕೂತವಳ ಹಾಗೆ ಬಿಗಿಯಾಗಿ ನೋಡುತ್ತಿದ್ದಳು. ಅದು ಅವಳ ಮುಖವೇ ಅಲ್ಲ ಎಂದು ಅವನಿಗೆ ಅನ್ನಿಸಿತು.

ಎಲ್ಲ ಮುಗಿದ ಮೇಲೆ ಸಾಂದು ಪ್ಲಾಸ್ಟಿಕ್ ಲೋಟಗಳಲ್ಲಿ ಗೋಧಿಯ ಸಿಹಿ ಹಂಚುತ್ತ ಬಂದ. ಕೊನೆಗೆ ಬೇಲಿಯ ಬಳಿಗೂ ಬಂದ.

"ತಗೋ."

"ದೇವರು ಅವಳನ್ನ ಕ್ಷಮಿಸ್ಲಿ," ಎಂದು ವಲೆರಿಯು ಸತ್ತವರಿಗೆ ಹೇಳುವ ವಾಡಿಕೆಯ ಮಾತು ಹೇಳಿ ಲೋಟ ತೆಗೆದುಕೊಂಡ.

ಸಾಂದು ಹೋಗಲಿಲ್ಲ. ಬೆರಳಿಗೆ ಅಂಟಿದ್ದ ಸಕ್ಕರೆಯನ್ನು ಕೋಟಿಗೆ ಒರೆಸಿಕೊಂಡ.

"ಕೊಸ್ತಿನ್ ಹತ್ರ ಹೋಗಿದ್ದೆ. ಆ ನೂರಿಪ್ಪತ್ತರದ್ದು ಇನ್ನೂ ಅಲ್ಲೇ ಇದೆ. ಎತ್ತಿಡು ಅಂದಿದ್ದೀನಿ. ಅದು ಪೂರ್ತಿ ನಿಂದು, ನಾನು ಆ ಕಡೆ ತಲೆ ಹಾಕಲ್ಲ. ನೀನು ಅಷ್ಟು ಕೂಗಿದ್ದನ್ನ ನಾನು ಯಾವತ್ತೂ ಕೇಳಿರ್ಲಿಲ್ಲ ಕಣೋ." ಧ್ವನಿ ತಗ್ಗಿಸಿ ಹೇಳಿದ, "ಯಾವ ಸಿನಿಮಾ ಅಂತ ಮಾತ್ರ ಹೇಳ್ಬಿಡು."

ವಲೆರಿಯು ಚಮಚದಲ್ಲಿ ಗೋಧಿ ಎತ್ತಿಕೊಂಡು ಬಾಯಿಗಿಟ್ಟ. ಕಾಳು ಇನ್ನೂ ಸ್ವಲ್ಪ ಗಟ್ಟಿಯಾಗಿತ್ತು, ಅಗಿಯಲು ಹೊತ್ತು ಹಿಡಿಯಿತು. ಸಾಂದು ಕಾಯುತ್ತ ನಿಂತಿದ್ದ.

ಅದು ಸಿನಿಮಾ ಅಲ್ಲ ಎಂದು ವಲೆರಿಯು ಅವನಿಗೆ ಯಾವತ್ತೂ ಹೇಳಲಿಲ್ಲ.